ಆಸ್ಪತ್ರೆಗೆ ಉಡುವ ಸೀರೆ

ನಮ್ಮ ಕಡೆ ಹೆಂಗಸರ ಪೆಟ್ಟಿಗೆಯಿಂದ ಒಳ್ಳೆ ಸೀರೆ ಹೊರಗೆ ಬರುವುದು ಮದುವೆಗೆ, ಇಲ್ಲವೇ ಆಸ್ಪತ್ರೆಗೆ. ಮದುವೆಗೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಗೆ ಯಾಕೆ ಎಂದೂ ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ. ಜ್ವರದಲ್ಲಿ ತಲೆ ಎತ್ತಲಾಗದವಳೂ ಎದ್ದು, ಮುಖ ತೊಳೆದು, ತಲೆ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು ಹೊರಡುತ್ತಾಳೆ. ಡಾಕ್ಟರ ಮುಂದೆ ಕಾಯಿಲೆಯವಳ ಹಾಗೆ ಕಾಣಬಾರದು. ಹಾಗೆ ಕಂಡರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಅರ್ಥವಾಗುತ್ತದೆ, ಮನೆ ಮಾನ ಹೋಗುತ್ತದೆ. ಕಾಯಿಲೆ ತೋರಿಸಲು ಹೋಗುವಾಗ ಕಾಯಿಲೆಯನ್ನು ಬಚ್ಚಿಟ್ಟುಕೊಂಡು ಹೋಗುವ ಜನ ನಾವು.

ನಾನೂ ಹಾಗೇ ಮಾಡಿದೆ. ಅದರಿಂದ ಏನಾಯಿತು ಎಂದು ಬರೆಯೋಣ ಅಂತ ಕೂತಿದ್ದೇನೆ. ಬೆನ್ನು ಒರಗಿಸದೆ ಕೂತಿದ್ದೇನೆ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆ ಕಾಲು ಎಡವುತ್ತದೆ. ನಿಮಗೆ ಅರ್ಥವಾದರೆ ಸಾಕು.

ನಮ್ಮದು ಕುಶಾಲನಗರದಿಂದ ಹೆಬ್ಬಾಲೆ ಕಡೆ ಹೋಗುವ ದಾರಿಯ ಒಂದು ಊರು. ಮಾವನವರ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲ ಹಿಡಿದವರು. ಶುಂಠಿ, ಜೋಳ, ತಗ್ಗಿನಲ್ಲಿ ಒಂದಿಷ್ಟು ಭತ್ತ. ಹೋದ ವರ್ಷ ಶುಂಠಿ ಕೀಳುವ ಹೊತ್ತಿಗೆ ನನಗೆ ಸರ್ಪಸುತ್ತು ಆಯಿತು. ಬಲಗಡೆ, ಬೆನ್ನಿನಿಂದ ಹಿಡಿದು ಮೊಲೆಯ ಕೆಳಗಿನವರೆಗೆ ಒಂದು ಪಟ್ಟಿ ಬೊಬ್ಬೆ. ಒಳಗೆ ಕೆಂಡ ಸುರಿದ ಹಾಗೆ ಉರಿ. ಊರಿನ ಹಿರಿಯರೊಬ್ಬರು ಕೆಮ್ಮಣ್ಣು ಅರೆದು ಬಳಿದರು. ಸರ್ಪದ ತಲೆಗೆ ಬಾಲ ಸೇರಿದರೆ ಪ್ರಾಣಕ್ಕೆ ಕುತ್ತು ಎಂದು ಹೇಳಿ ಹೋದರು.

ಅವರು ಹೇಳಿ ಹೋದದ್ದೇ ನನ್ನ ವಾರಗಿತ್ತಿ ಜಯಮ್ಮನಿಗೆ ಕೆಲಸವಾಯಿತು. ಜಯಮ್ಮ ನನ್ನ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಬಾಯಿ ಮಾತ್ರ ಎರಡು ಮನೆಗೆ ಸಾಕಾಗುವಷ್ಟು. ದಿನಾ ಬೆಳಿಗ್ಗೆ ನನ್ನ ಸೆರಗು ಎತ್ತಿ ಪರೀಕ್ಷೆ ಮಾಡುವಳು.

“ತಲೆ ಯಾವ್ದು, ಬಾಲ ಯಾವ್ದು, ಒಂದೂ ಗೊತ್ತಾಯ್ತಾ ಇಲ್ವಲ್ಲಕ್ಕ.”

“ಹುಡುಕ್ತಾ ಇರು. ಸಿಕ್ಕಿದ್ರೆ ನಂಗೂ ಹೇಳು.”

ಸೇರಲಿಲ್ಲ. ಬೊಬ್ಬೆ ಒಣಗಿತು, ಹಕ್ಕಳೆ ಉದುರಿತು. ಮನೆಯವರೆಲ್ಲ ಸೇರಿ ನಾಗರಕಲ್ಲಿಗೆ ಹಾಲೆರೆದು, ಪಾಯಸ ಮಾಡಿ, ನಾಲ್ಕು ಜನಕ್ಕೆ ಊಟ ಹಾಕಿದರು. ಅಲ್ಲಿಗೆ ಕಾಯಿಲೆಯ ಲೆಕ್ಕ ಚುಕ್ತಾ. ತೊಂದರೆ ಶುರುವಾದದ್ದು ಆಮೇಲೆ. ಊಟ ಹಾಕಿ ಕಳಿಸಿಕೊಟ್ಟ ಕಾಯಿಲೆ ಮನೆಯಲ್ಲೇ ಉಳಿದಿದೆ ಎಂದರೆ ಯಾರು ಒಪ್ಪುತ್ತಾರೆ? ಚರ್ಮ ನುಣ್ಣಗಾಗಿತ್ತು. ಉರಿ ಮಾತ್ರ ಇದ್ದ ಹಾಗೇ ಇತ್ತು. ರವಿಕೆ ತಾಗಿದರೆ ಉರಿ, ಗಾಳಿ ಬೀಸಿದರೆ ಉರಿ. ಮೊಮ್ಮಗಳು ಬಂದು ತಬ್ಬಿಕೊಂಡರೆ ಅವಳನ್ನು ದೂಡುವಷ್ಟು ಉರಿ. ಮಗು ಎರಡು ಸಲ ದೂಡಿಸಿಕೊಂಡಿತು, ಮೂರನೇ ಸಲ ಹತ್ತಿರ ಬರಲಿಲ್ಲ.

ರಕ್ತ ಕಾಣುವ ನೋವಿಗೆ ಜನ ಬನ್ನು, ಕಿತ್ತಳೆ ಹಿಡಿದುಕೊಂಡು ಬರುತ್ತಾರೆ. ಕಾಣದ ನೋವಿಗೆ ಬುದ್ಧಿವಾದ ಹಿಡಿದುಕೊಂಡು ಬರುತ್ತಾರೆ. ಕಣ್ಣೂರಿನ ಎಣ್ಣೆ ಹಚ್ಚು, ಸುಬ್ರಹ್ಮಣ್ಯಕ್ಕೆ ಹರಕೆ ಕಟ್ಟು, ಬದನೆಕಾಯಿ ಬಿಡು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೊನೆಯದನ್ನು ಹೇಳಿದವರು ಹೆಚ್ಚು. ನಾನು ಎಲ್ಲಿಯೂ ಹಚ್ಚಿಕೊಂಡಿರಲಿಲ್ಲ. ಬಟ್ಟೆ ತಾಗಿದರೂ ಆಗದ ಮೈಗೆ ಇನ್ನೇನನ್ನು ಹಚ್ಚಿಕೊಳ್ಳಲಿ?

ಕಡೆಗೆ ಒಂದು ಉಪಾಯ ಕಂಡುಕೊಂಡೆ. ಕಾಫಿ ಪಿಕ್ಕಿಂಗಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೇ ಷರಟು ಹಾಕಿಕೊಳ್ಳುತ್ತಾರಲ್ಲ, ನಾನೂ ವಯಸ್ಸಿನಲ್ಲಿ ಹಾಗೆ ಹೋದವಳೇ. ನಮ್ಮ ಯಜಮಾನರು ತೀರಿಹೋಗಿ ಬಹಳ ವರ್ಷವಾಯಿತು, ಅವರ ಒಂದು ಷರಟು ಮೂಲೆಯಲ್ಲಿತ್ತು. ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ರವಿಕೆ ಬಿಟ್ಟು ಅದನ್ನೇ ಹಾಕಿಕೊಂಡೆ. ಹೊಲಿಗೆ ಮೈಗೆ ತಾಗಬಾರದೆಂದು ಒಳಹೊರಗು ತಿರುಗಿಸಿ ಹಾಕಿಕೊಂಡೆ. ಬದುಕಿದ್ದಾಗ ಆ ಮನುಷ್ಯ ನನಗೆ ಇಷ್ಟು ಉಪಕಾರ ಮಾಡಿರಲಿಲ್ಲ.

“ನಾಟ್ಕ ಸಾಕು ಕಣಕ್ಕ,” ಎಂದಳು ಜಯಮ್ಮ. “ಗಾಯ ಇಲ್ಲ, ಕಲೆ ಇಲ್ಲ. ನೋಡ್ದೋರು ಏನಂತಾರೆ? ಒಂದು ರವ್ಕೆ ಹೊಲಿಸ್ಕೊಡಕ್ಕೂ ಗತಿ ಇಲ್ಲ ಈ ಮನೇಲಿ ಅಂತಾರೆ.”

“ಅನ್ಲಿ. ನೀನು ಹೊಲಿಸಿದ್ದು ಹತ್ತು ರವ್ಕೆ ಅದೆ. ಬಂದೋರಿಗೆ ತೋರ್ಸು.”

ಅದಕ್ಕೇ ಒಂದು ದಿನ ಕುಶಾಲನಗರದ ಕ್ಲಿನಿಕ್ಕಿಗೆ ಹೊರಟೆ. ಡಾಕ್ಟರು ನೋಡಿ, ಇವಳಿಗೆ ನೋವಿದೆ ಎಂದು ಒಂದು ಮಾತು ಹೇಳಿದರೆ ಮನೆಯಲ್ಲಿ ನಾಟಕ ಎನ್ನುವ ಮಾತು ನಿಲ್ಲುತ್ತದಲ್ಲ, ಜೊತೆಗೆ ನಿದ್ದೆಯೂ ಬಂದೀತು ಎಂಬುದು ನನ್ನ ಆಸೆ. ಪೆಟ್ಟಿಗೆ ತೆಗೆದು ನೇರಳೆ ಬಣ್ಣದ ಸೀರೆ ಉಟ್ಟೆ. ಅದಕ್ಕೆ ಬಿಗಿ ರವಿಕೆ. ರವಿಕೆ ತಡೆಯಬೇಕಲ್ಲ? ಅಂಗಡಿಯಲ್ಲಿ ತಂದಿಟ್ಟ ನೋವಿನ ಮಾತ್ರೆ ಎರಡು ನುಂಗಿ, ಮೇಲೊಂದು ಲೋಟ ಕಾಫಿ ಕುಡಿದೆ. ಮಾತ್ರೆ ದಿನಾ ಅರೆಬರೆ ಕೆಲಸ ಮಾಡುವುದು. ಆ ದಿನ ಏನು ಗ್ರಹಚಾರವೋ, ಪೂರ್ತಿ ಮಾಡಿತು. ಡಾಕ್ಟರ ಮುಂದೆ ನೆಟ್ಟಗೆ, ಮದುವೆ ಮನೆಯಲ್ಲಿ ಬೀಗರ ಎದುರು ಕೂತ ಹಾಗೆ ಕೂತೆ.

“ಹೇಗಿದೀರಾ ಅಮ್ಮ?” ಎಂದರು.

“ಚೆನ್ನಾಗಿದೀನಿ ಸ್ವಾಮಿ,” ಎಂದೆ.

ಇದು ನನ್ನ ಬಾಯಿಗೆ ಅಂಟಿದ ಚಾಳಿ. ಯಾರು ಕೇಳಿದರೂ ಅದೇ ಉತ್ತರ. ಬಸ್ಸಿನಿಂದ ಬಿದ್ದು ರಸ್ತೆಯಲ್ಲಿ ಮಲಗಿದ್ದಾಗ ಕೇಳಿದರೂ ಚೆನ್ನಾಗಿದೀನಿ ಎಂದೇನು. ನಮ್ಮನ್ನು ಬೆಳೆಸಿದ್ದೇ ಹಾಗೆ. ನನ್ನ ದೊಡ್ಡ ಮಗ ಹುಟ್ಟುವಾಗ ಸೊಸೆ ಒಂದು ಸದ್ದು ಮಾಡಲಿಲ್ಲ ಎಂದು ನನ್ನ ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಅದನ್ನು ಹೊಗಳಿಕೆ ಎಂದು ನಾನೂ ಬಹಳ ವರ್ಷ ಇಟ್ಟುಕೊಂಡಿದ್ದೆ. ಆವತ್ತು ನಾನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸೆರಗು ಹರಿದುಹೋಗಿತ್ತು. ಸೆರಗಿನ ಸುದ್ದಿ ಅತ್ತೆ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಡಾಕ್ಟರು ಕೆಟ್ಟವರಲ್ಲ. ಹೊರಗೆ ಬಾಗಿಲವರೆಗೂ ಜನ ಕಾಯುತ್ತಿದ್ದರು. ಪಕ್ಕೆ ನೋಡಿದರು. “ಚರ್ಮ ಪೂರ್ತಿ ವಾಸಿಯಾಗಿದೆಯಲ್ಲಮ್ಮ! ವಯಸ್ಸಾಯ್ತು, ಸ್ವಲ್ಪ ನೋವು ಇದ್ದೇ ಇರುತ್ತೆ,” ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ನಾನು ಹೂಂ ಎಂದೆ, ಕೈಯನ್ನೂ ಮುಗಿದೆ. ಬಸ್ಸು ಊರು ಮುಟ್ಟುವ ಮೊದಲೇ ಬೆಳಿಗ್ಗೆ ನುಂಗಿದ ನೋವಿನ ಮಾತ್ರೆಯ ಗುಣ ಇಳಿಯಿತು. ರವಿಕೆಯ ಗುಂಡಿ ಬಸ್ಸಿನಲ್ಲೇ ಬಿಚ್ಚಿ, ಸೆರಗು ಹೊದ್ದು ಕೂತೆ.

ಮನೆಗೆ ಬಂದರೆ ಜಯಮ್ಮ ಬಾಗಿಲಲ್ಲೇ ಇದ್ದಳು. “ಡಾಕ್ಟ್ರು ಏನಂದ್ರು?”

“ಏನೂ ಇಲ್ಲ ಅಂದ್ರು.”

ಅವಳು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಈಗ ನಾಟಕಕ್ಕೆ ಡಾಕ್ಟರ ಮುದ್ರೆಯೂ ಬಿತ್ತಲ್ಲ ಎನ್ನುವ ಹಾಗೆ ಒಳಗೆ ಹೋಗಿ ಪಾತ್ರೆ ತೊಳೆದಳು. ನೋವಿಗಿಂತ ಆ ಪಾತ್ರೆಯ ಸದ್ದು ನನ್ನನ್ನು ಸುಸ್ತು ಮಾಡಿತು. ಇನ್ನು ಬಾಯಿ ಮುಚ್ಚಿಕೊಂಡು ಇದ್ದುಬಿಡೋಣ, ಇನ್ನೆಷ್ಟು ದಿನ ಮಹಾ ಎಂದು ಅಂದುಕೊಂಡೆ. ಹಾಗೇ ಇದ್ದೆ ಕೂಡಾ. ಉರಿಯನ್ನು ತಡೆಯಬಹುದು. ಉರಿಯಿಲ್ಲ ಎನ್ನುವವರ ಮಧ್ಯೆ ಕೂತು ತಡೆಯುವುದು ಎರಡು ಆಳಿನ ಕೆಲಸ.

ಊರಿನ ಆರೋಗ್ಯ ಕೇಂದ್ರಕ್ಕೆ ಬಿಪಿ ಮಾತ್ರೆ ತರಲು ಹೋದಾಗ ಅಲ್ಲಿಯ ಸಿಸ್ಟರ್ ನನ್ನ ಷರಟು ನೋಡಿ ವಿಚಾರಿಸಿದಳು. ಸಂಪಾಜೆ ಕಡೆಯ ಹುಡುಗಿ. “ಮಡಿಕೇರಿ ದೊಡ್ಡಾಸ್ಪತ್ರೆಯಲ್ಲಿ ನೋವಿಗೆ ಅಂತಲೇ ಒಂದು ಕೋಣೆ ಉಂಟು ಅಜ್ಜಿ. ಒಬ್ಬರು ಇಲ್ಲ ಅಂದ್ರೆ ಇನ್ನೊಬ್ಬರನ್ನು ಕೇಳ್ಲಿಕ್ಕೆ ನಿಮಗೆ ಹಕ್ಕುಂಟು,” ಎಂದಳು.

ಹಕ್ಕು ಎನ್ನುವುದು ನನಗೆ ಗೊತ್ತಿದ್ದದ್ದು ಹೊಲದ ವಿಷಯದಲ್ಲಿ. ಬದುವಿನ ಮೇಲೆ ನಿಂತು ಕೂಗಾಡುವಾಗ ಬರುವ ಮಾತು ಅದು. ಸ್ವಂತ ಪಕ್ಕೆಯ ಮೇಲೂ ಹಕ್ಕು ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೋಗುವುದು ಎಂದುಕೊಂಡೆ. ಆದರೆ ಹೇಗೆ ಹೋಗುವುದು ಎಂದು ಹೊಳೆದದ್ದು ಶುಂಠಿ ಹೊಲದಲ್ಲಿ.

ಶುಂಠಿಯನ್ನು ಮಾರಲು ಒಯ್ಯುವಾಗ ತೊಳೆದು ಒಯ್ಯುತ್ತೇವೆ. ತೊಳೆದ ಶುಂಠಿ ಮದುಮಗಳ ಹಾಗೆ ಇರುತ್ತದೆ. ಕೊಳೆ ರೋಗ ಬಂದರೆ ಬೇರೆ. ಕೃಷಿ ಇಲಾಖೆಯವರಿಗೆ ತೋರಿಸಬೇಕಾದ ಗಿಡವನ್ನು ತೊಳೆಯಬಾರದು. ಬುಡದ ಮಣ್ಣು, ಕೊಳೆತ ಗೆಡ್ಡೆ, ಹಳದಿಯಾದ ಎಲೆ ಎಲ್ಲ ಸಮೇತ ಕಿತ್ತು, ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ನಾಕಾಣೆ ಬುದ್ಧಿ ಇರುವವರಿಗೂ ಇದು ಗೊತ್ತು. ನಾನು ಒಂದು ಜೀವಮಾನ ಶುಂಠಿ ಬೆಳೆದವಳು, ಡಾಕ್ಟರ ಹತ್ತಿರ ತೊಳೆದುಕೊಂಡು ಹೋಗಿದ್ದೆ.

ಮಡಿಕೇರಿಗೆ ಹೊರಡುವ ದಿನ ಮಾತ್ರೆ ನುಂಗಲಿಲ್ಲ. ಸೀರೆ ಬದಲಿಸಲಿಲ್ಲ. ಮನೆಯಲ್ಲಿ ಇದ್ದ ಹಾಗೇ, ತಿರುಗಿಸಿ ಹಾಕಿದ ಷರಟಿನಲ್ಲೇ ಮೆಟ್ಟಿಲು ಇಳಿದೆ. ಅಷ್ಟು ದೂರ ಒಬ್ಬಳನ್ನೇ ಕಳಿಸುವುದು ಬೇಡ ಎಂದು ಜೊತೆಗೆ ಬರಲು ತಯಾರಾಗಿದ್ದ ಜಯಮ್ಮ ಜರಿಯಂಚಿನ ಸೀರೆ ಉಟ್ಟು ನಿಂತಿದ್ದವಳು ನನ್ನನ್ನು ನೋಡಿ ಎದೆಯ ಮೇಲೆ ಕೈ ಇಟ್ಟಳು.

“ಹಿಂಗೇ ಬತ್ತೀಯಾ?”

“ಹಿಂಗೇ.”

“ಷರಟು ತಿರುಗಾ ಮುರುಗಾ ಅದೆ, ಜೇಬು ಒಳಗಿಂದ ಕಾಣ್ತದೆ! ಹುಚ್ಚಿ ಅಂತಾರಕ್ಕ!”

“ಹುಚ್ಚಿ ಅನ್ಲಿ. ಚೆನ್ನಾಗವ್ಳೆ ಅಂತ ಮಾತ್ರ ಅನ್ಬಾರ್ದು.”

ಬಸ್ಸಿನಲ್ಲಿ ಅವಳು ಎರಡು ಸೀಟು ಮುಂದೆ ಹೋಗಿ, ನಾನು ಯಾರೋ ಎನ್ನುವ ಹಾಗೆ ಕೂತಳು. ಕಂಡಕ್ಟರು ಬಂದು ಆಧಾರ್ ಕಾರ್ಡು ನೋಡಿ, “ಸುಂಟಿಕೊಪ್ಪಕ್ಕಾ ಅಜ್ಜಿ? ಯಾವ ಎಸ್ಟೇಟು? ಈ ವಯಸ್ಸಲ್ಲೂ ಪಿಕ್ಕಿಂಗಾ?” ಎಂದ. ಮಡಿಕೇರಿಗೆ ಎಂದೆ. ಜಯಮ್ಮ ಕಿಟಕಿಯ ಕಡೆ ಇನ್ನಷ್ಟು ತಿರುಗಿದಳು. ಆನೆಕಾಡಿನ ತಿರುವುಗಳಲ್ಲಿ ನಿಂತಿದ್ದವರ ಚೀಲ ನನ್ನ ಬಲಪಕ್ಕೆಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ನನ್ನ ಬಾಯಿಂದ ಸದ್ದು ಬಂತು. ತಡೆಯಲಿಲ್ಲ. ಇಷ್ಟು ವರ್ಷಕ್ಕೆ ನಾನು ನಾಲ್ಕು ಜನರ ಎದುರು ನರಳಿದ್ದು ಅದೇ ಮೊದಲು. ಹೇಳುತ್ತೇನೆ, ನರಳುವುದಕ್ಕೂ ಅಭ್ಯಾಸ ಬೇಕು. ನನ್ನದು ಮೊದಮೊದಲು ಕೆಮ್ಮಿನ ಹಾಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಬೆಂಚಿಗೆ ಒರಗಲಾರದೆ ನಿಂತಿದ್ದೆ. ಎದುರು ಗೋಡೆಯಲ್ಲಿ ರೋಗಿಗಳ ಹಕ್ಕುಗಳು ಎಂದು ಬೋರ್ಡು. ಸರದಿ ಬರುವವರೆಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕಾಯಿಲೆ ಏನೆಂದು ತಿಳಿಯುವ ಹಕ್ಕು. ಮರ್ಯಾದೆಯಿಂದ ನೋಡಿಸಿಕೊಳ್ಳುವ ಹಕ್ಕು. ಬೇರೆ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕು. ಸಿಸ್ಟರ್ ಹೇಳಿದ್ದು ಸುಳ್ಳಲ್ಲ. ಕೆಳಗಿನವರೆಗೂ ಹುಡುಕಿದೆ. ನನಗೆ ಬೇಕಾಗಿದ್ದ ಒಂದು ಅದರಲ್ಲಿ ಸಿಗಲಿಲ್ಲ. ನೋವಿದೆ ಎಂದರೆ ಹೌದು ಎನ್ನಿಸಿಕೊಳ್ಳುವ ಹಕ್ಕು. ಬೋರ್ಡಿನಲ್ಲಿ ಜಾಗ ಸಾಲಲಿಲ್ಲವೋ, ಅದನ್ನು ಬರೆಯುವ ಅಗತ್ಯವೇ ಇಲ್ಲ ಎಂದುಕೊಂಡರೋ.

ಒಳಗೆ ಒಬ್ಬರು ಹೆಂಗಸು ಡಾಕ್ಟರು. ತಲೆ ನರೆತವರು. “ಬನ್ನಿ ಅಜ್ಜಿ. ಹೇಗಿದೀರಾ?” ಎಂದರು.

ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದದ್ದು, “ಚೆನ್ನಾಗಿ...”

“ಎಲ್ ಚೆನ್ನಾಗವ್ಳೆ ಡಾಕ್ಟ್ರೇ!”

ಜಯಮ್ಮ. ಬಾಗಿಲ ಹತ್ತಿರ ನಿಂತಿದ್ದವಳು ಮುಂದೆ ಬಂದಳು. “ಇವ್ಳ ಮಾತು ಕೇಳ್ಬೇಡಿ. ಮಲಗಿ ನಿದ್ದೆ ಮಾಡಿ ತಿಂಗಳುಗಟ್ಲೆ ಆಯ್ತು, ಗೋಡೆಗೂ ಒರಗ್ದೆ ಕೂತ್ಕಂಡೇ ತೂಕಡಿಸ್ತಾಳೆ. ನೀರು ಹುಯ್ಕಳಕ್ಕೂ ಹೆದರ್ತಾಳೆ. ಮೊಮ್ಮಗೀನ ಎತ್ಕಳಲ್ಲ, ಆಮೇಲೆ ಕೊಟ್ಟಿಗೆಗೆ ಹೋಗಿ ಒಬ್ಳೇ ಅಳ್ತಾಳೆ, ಯಾರೂ ನೋಡಿಲ್ಲ ಅಂದ್ಕಂಡವ್ಳೆ. ಹೋದ್ಸಲ ಮಾತ್ರೆ ನುಂಗಿ, ಸಿಂಗಾರ ಮಾಡ್ಕಂಡು ಡಾಕ್ಟ್ರ ಮುಂದೆ ಚೆನ್ನಾಗಿದೀನಿ ಅಂತ ಹೇಳ್ಬಂದ್ಳು. ನಾಟ್ಕ ಅಂತ ನಾನೂ ಅಂದೆ. ನಾಟ್ಕದೋರು ಜನ ಇದ್ದಾಗ ಆಡ್ತಾರೆ ಡಾಕ್ಟ್ರೇ. ಇವ್ಳು ಜನ ಇಲ್ದಿದ್ದಾಗ ನರಳ್ತಾಳೆ.”

ನಾನು ನೆಲ ನೋಡಿದೆ. ಕೊಟ್ಟಿಗೆಯ ವಿಷಯ ಹೇಳುವ ಅಗತ್ಯ ಇರಲಿಲ್ಲ. ಇಷ್ಟೆಲ್ಲ ನೋಡಿದ್ದಳು ಎಂದಾಯಿತು. ನೋಡಿದವಳು ನಂಬದೆ ಇದ್ದದ್ದು ಹೇಗೆ ಎಂದು ಆಮೇಲೆ ಯೋಚಿಸಿದ್ದೇನೆ. ನಂಬಿದರೆ ಏನಾದರೂ ಮಾಡಬೇಕಾಗುತ್ತದೆ. ಮಾಡಲು ಅವಳಿಗೇನು ಗೊತ್ತಿತ್ತು? ಅದಕ್ಕೆ ಪಾತ್ರೆ ತೊಳೆದಳು.

ಡಾಕ್ಟರು ಅವಸರ ಮಾಡಲಿಲ್ಲ. ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕು ಕೊಡುತ್ತೀರಿ ಎಂದು ಕೇಳಿದರು. ಶಾಲೆಯಲ್ಲಿ ನನಗೆ ಯಾರೂ ಹತ್ತಕ್ಕೆ ಐದರ ಮೇಲೆ ಕೊಟ್ಟಿರಲಿಲ್ಲ, ಆದರೂ ಎಂಟು ಕೊಟ್ಟೆ. ಕಣ್ಣು ಮುಚ್ಚಿಸಿ, ಒಂದು ಚೂರು ಹತ್ತಿಯನ್ನು ಮೊದಲು ಎಡಪಕ್ಕೆಗೆ ತಾಗಿಸಿದರು. ಹತ್ತಿ. ಆಮೇಲೆ ಅದೇ ಹತ್ತಿಯನ್ನು ಬಲಗಡೆ ತಾಗಿಸಿದರು. ಕಾದ ಕತ್ತಿ ಎಂದುಕೊಂಡು ಕುರ್ಚಿಯಿಂದ ಎದ್ದೇ ಬಿಟ್ಟೆ.

“ಸರಿ,” ಎಂದರು. “ನಿಮಗೆ ನೋವಿದೆ.”

ಅಷ್ಟೇ ಮಾತು. ಔಷಧಿ ಇನ್ನೂ ಬರೆದಿರಲಿಲ್ಲ. ನಾನು ಮತ್ತೆ ಕುರ್ಚಿಯಲ್ಲಿ ಕೂತುಕೊಂಡೆ.

ಆ ಕಾಯಿಲೆ ಚರ್ಮಕ್ಕೆ ಬಂದದ್ದಲ್ಲ, ನರಕ್ಕೆ ಬಂದದ್ದು ಎಂದು ತಿಳಿಸಿ ಹೇಳಿದರು. ಚರ್ಮ ವಾಸಿಯಾಗಿದೆ, ನರಕ್ಕೆ ಬಿದ್ದ ಏಟು ವಾಸಿಯಾಗಿಲ್ಲ. ನನಗೆ ಅರ್ಥವಾದದ್ದು ಹೀಗೆ. ನಮ್ಮ ಹೊಲದ ಸುತ್ತ ಸೋಲಾರ್ ಬೇಲಿ ಇದೆ, ತಂತಿಗೆ ಸೈರನ್ ಕಟ್ಟಿದೆ. ಆನೆ ಒಮ್ಮೆ ಬಂದು ಬೇಲಿ ತುಳಿದು ಹೋಯಿತು. ಆನೆ ಕಾಡು ಸೇರಿ ಎಷ್ಟೋ ದಿನವಾದರೂ ಏಟು ತಿಂದ ಆ ಬೇಲಿ ಒಂದು ಎಲೆ ಬಿದ್ದರೂ ಊರೆಲ್ಲ ಎದ್ದು ಕೂರುವ ಹಾಗೆ ಕೂಗುತ್ತಿತ್ತು. ನನ್ನ ಪಕ್ಕೆ ಅಂಥ ಬೇಲಿ. ಆನೆ ಇಲ್ಲ ಎನ್ನುವವರು ಹೇಳುವುದೂ ನಿಜ, ಸೈರನ್ ಕೂಗುವುದೂ ನಿಜ.

ಬೊಬ್ಬೆ ಎದ್ದ ಮೊದಲ ದಿನಗಳಲ್ಲೇ ಬಂದಿದ್ದರೆ ಇಷ್ಟಕ್ಕೆ ಬರದಂತೆ ಔಷಧಿ ಕೊಡಬಹುದಿತ್ತು ಎಂದೂ ಹೇಳಿದರು. ಆಗ ನಾವು ತಲೆ ಬಾಲ ಹುಡುಕುತ್ತಿದ್ದೆವು. ಈಗ ನರಕ್ಕೆ ಬೇರೆ ಮಾತ್ರೆ, ಸಣ್ಣದರಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸುವುದು; ತಲೆ ತಿರುಗಬಹುದು, ಎದ್ದು ನಡೆಯುವಾಗ ಜೋಪಾನ; ಅಂಗಡಿಯ ಮಾತ್ರೆ ಕಡಲೆಯ ಹಾಗೆ ತಿನ್ನುವುದು ಬೇಡ, ಹೊಟ್ಟೆ, ಕಿಡ್ನಿ ಎರಡೂ ಹಾಳು.

“ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ ಅಜ್ಜಿ. ಅರ್ಧ ಹೋದರೂ ಹೋಗಬಹುದು.”

“ಯಾವ ಅರ್ಧ?” ಎಂದೆ.

“ನಿದ್ದೆ ಕೆಡಿಸೋ ಅರ್ಧ.”

ಅದು ಹೋದರೆ ಉಳಿದ ಅರ್ಧವನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಏಳುವಾಗ ಅವರು ನನ್ನ ಷರಟಿನ ಕಡೆ ಕೈ ತೋರಿಸಿ, ಇದೇನು ಎಂದರು. ಶುಂಠಿಯ ವಿಚಾರ ಹೇಳಿದೆ. ನಕ್ಕರು, ಆಮೇಲೆ ನಗು ನಿಲ್ಲಿಸಿದರು.

“ಮುಂದಿನ ಸಲ ಒಳ್ಳೆ ಸೀರೆ ಉಟ್ಟುಕೊಂಡೇ ಬನ್ನಿ. ಮಾತ್ರೆ ತಗೊಂಡೇ ಬನ್ನಿ. ನನಗೆ ತೋರಿಸೋಕೆ ನೀವು ಬಸ್ಸಲ್ಲಿ ನರಳ್ತಾ ಬರಬೇಕಾಗಿಲ್ಲ. ಬಾಯಲ್ಲಿ ಹೇಳಿ, ಸಾಕು.”

ಈ ಮಾತನ್ನು ಗೋಡೆಯ ಬೋರ್ಡಿನಲ್ಲಿ ಬರೆಸಬೇಕು ಎಂದು ನನಗೆ ಅನಿಸಿತು. ಗೆಡ್ಡೆಗೆ ಬಾಯಿಲ್ಲ, ಅದಕ್ಕೆ ಮಣ್ಣು ಸಮೇತ ಹೋಗಬೇಕು. ನನಗೆ ಬಾಯಿ ಇದೆ. ಇದ್ದೂ, ಅದರಲ್ಲಿ ಚೆನ್ನಾಗಿದೀನಿ ಎನ್ನುವುದು ಬಿಟ್ಟು ಬೇರೆ ಬೆಳೆ ತೆಗೆದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಕಡೆ ಕೂರಿಸಿ, ನನ್ನ ಬಲಕ್ಕೆ ಜಯಮ್ಮ ಕೂತಳು. ಪಕ್ಕದಲ್ಲೇ ಅಲ್ಲ, ನಡುವೆ ಒಂದು ಗೇಣು ಬಿಟ್ಟು, ತಾನು ಸೀಟಿನ ಅಂಚಿಗೆ ಜಾರಿ, ನಿಂತವರ ಚೀಲಗಳನ್ನೆಲ್ಲ ತನ್ನ ಜರಿಯ ಸೀರೆಯ ಮೇಲೆ ತಾಗಿಸಿಕೊಳ್ಳುತ್ತಾ. ಒಬ್ಬ ಗಂಡಸಿಗೆ, “ಕಣ್ ಕಾಣಲ್ವಾ? ಈಯಮ್ಮಂಗೆ ಹುಷಾರಿಲ್ಲ,” ಎಂದು ಬೈದಳು. ಇಳಿಯುವಾಗ, “ಆ ಷರಟಿನ ಜೇಬು ಕಿತ್ಹಾಕ್ತೀನಿ ಕೊಡು, ಅದೊಂದು ಚುಚ್ತಿರ್ತದೆ,” ಎಂದಳು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆಯಿಂದ ಬೆಳಗಿನ ಹೊತ್ತು ತಲೆ ಹತ್ತಿ ತುಂಬಿದ ಹಾಗೆ ಇರುತ್ತದೆ. ಒಮ್ಮೆ ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದೆ. ಉರಿ ಇದೆ. ಚಳಿಗಾಲದ ಗಾಳಿಗೆ ಎದ್ದು ಕೂಗುತ್ತದೆ, ಆಮೇಲೆ ತಾನೇ ಸುಸ್ತಾಗುತ್ತದೆ, ನಾನೂ ಸುಸ್ತಾಗುತ್ತೇನೆ. ಆದರೆ ಎಡಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ. ಮೊಮ್ಮಗಳಿಗೆ ನನ್ನ ಎಡಗಡೆ ಅವಳದು, ಬಲಗಡೆ ಬೇಲಿ ಎಂದು ಹೇಳಿಕೊಟ್ಟಿದ್ದೇನೆ. ಎಡಗಡೆಯಿಂದ ಬಂದು ತಬ್ಬಿಕೊಳ್ಳುತ್ತಾಳೆ. ಬಲಗಡೆ ಬಂದವರಿಗೆ ಅವಳೇ ಸೈರನ್ ಕೂಗುತ್ತಾಳೆ.

ನಿನ್ನೆ ಮತ್ತೆ ಮಡಿಕೇರಿಗೆ ಹೋಗುವ ದಿನ. ಪೆಟ್ಟಿಗೆ ತೆಗೆದು ನೇರಳೆ ಸೀರೆಯನ್ನೇ ಉಟ್ಟೆ. ಮೇಲೆ ಸೀರೆ, ಒಳಗೆ ರವಿಕೆ ಇರಬೇಕಾದಲ್ಲಿ ಜೇಬು ಕಿತ್ತ ಷರಟು, ಮಾತ್ರೆ ಹೊಟ್ಟೆಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮನೂ ನಾನೂ ನಿಂತಿದ್ದಾಗ ಹಾಲಿನ ಡೈರಿಯ ರಾಮೇಗೌಡ ಸೈಕಲ್ ನಿಲ್ಲಿಸಿದ.

“ಏನ್ ನಿಂಗಮ್ಮಕ್ಕ, ಯಾರ ಮದ್ವೆ? ಚೆನ್ನಾಗಿದೀಯಾ?”

“ಮದ್ವೆ ಅಲ್ಲ ಕಣೋ. ಚೆನ್ನಾಗೂ ಇಲ್ಲ. ನೋವು ಹೇಳಕ್ಕೆ ಆಸ್ಪತ್ರೆಗೆ ಹೊಂಟಿದೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೋವಾ? ನೋಡಿದ್ರೆ ಹಂಗೇನೂ ಕಾಣಲ್ವಲ್ಲ.”

“ಕಾಣಲ್ಲ,” ಎಂದೆ. “ಅದಕ್ಕೇ ಹೇಳಕ್ಕೆ ಹೋಗ್ತಿರೋದು.”